ಸಂಜೆ ಆರಕ್ಕೇ ಕತ್ತಲು ಮಾಡಿ ಕ್ಯಾರಿಯಲ್ಲಿ ಅವರೆಕಾಯಿ ಬೆಳೆದೆ

ಕಳೆದ ಅಕ್ಟೋಬರಿನಲ್ಲಿ ನಮ್ಮ ಹಿತ್ತಲಿನದೇ ಅವರೆಕಾಯಿಂದ ಹಿತಕಿದ ಬೇಳೆ ಸಾರು ಮಾಡಿದೆವು. ಊರು ಅಮೆರಿಕದ ನಾರ್ತ್ ಕೆರೊಲಿನಾದ ಕ್ಯಾರಿ. ಫ್ರೋಜನ್ ಪ್ಯಾಕೆಟ್ಟಿನ ಕಾಳಲ್ಲ. ಸುಲಿದರೆ ಬೆರಳಿಗೆ ಎಣ್ಣೆಯ ಹಾಗೆ ಅಂಟುವ, ಸೋಪು ಹಾಕಿದರೂ ಬಿಡದ ಸೊಗಡಿನ ಕಾಯಿ. ‘ಇಲ್ಲಿ ಅದೆಲ್ಲ ಬರಲ್ಲ ಬಿಡಿ’ ಅಂದವರನ್ನೆಲ್ಲ ಊಟಕ್ಕೆ ಕರೆದಿದ್ದೆ. ಬೇಕಂತಲೇ ಕರೆದಿದ್ದೆ.

ಇಲ್ಲಿಯ ಹವೆ ತೋಟ ಮಾಡುವವರಿಗೆ ಗೊತ್ತೇ ಇದೆ. ಏಪ್ರಿಲ್ ಮಧ್ಯದವರೆಗೆ ಫ್ರಾಸ್ಟ್, ಅಂದರೆ ಇಬ್ಬನಿಯೇ ಹೆಪ್ಪುಗಟ್ಟಿ ಗಿಡ ಸುಡುವ ಚಳಿಯ ಭಯ. ಜೂನ್‌ನಿಂದ ಆಗಸ್ಟ್‌ವರೆಗೆ ಮೈಯೆಲ್ಲ ಅಂಟಂಟು ಸೆಕೆ, ಮಧ್ಯಾಹ್ನಕ್ಕೆ ಗುಡುಗು ಮಳೆ. ಅಕ್ಟೋಬರ್ ಕೊನೆ ಅಥವಾ ನವೆಂಬರ್ ಶುರುವಿಗೆ ಮತ್ತೆ ಫ್ರಾಸ್ಟ್. ಬೆಂಡೆ, ಸೋರೆ, ಹೀರೆ ಹಂಚಿದರೂ ಮುಗಿಯಲ್ಲ. ಅವರೆ ಮಾತ್ರ ಡೆಕ್ ಹತ್ತಿ, ಮಾಡಿನ ದೋಣಿ ಹಿಡಿದು, ಬರೀ ಎಲೆ ಕೊಡುತ್ತಿತ್ತು. ಅಕ್ಟೋಬರ್ ಮಧ್ಯಕ್ಕೆ ಮೊಗ್ಗು ಬರೋದು. ಎಳೆಕಾಯಿ ಕಾಣಿಸಿತು ಅನ್ನುವಷ್ಟರಲ್ಲಿ ಒಂದು ರಾತ್ರಿ ಫ್ರಾಸ್ಟ್, ಬೆಳಗ್ಗೆ ಇಡೀ ಬಳ್ಳಿ ಕಪ್ಪು. ಒಂದೆರಡು ವರ್ಷವಲ್ಲ, ಸುಮಾರು ವರ್ಷ ಇದೇ ಪಾಡು.

ಬೀಜ ಕೊಟ್ಟದ್ದು ಹೂಸ್ಟನ್ನಿನ ಗೆಳೆಯ. ಅವನಲ್ಲಿ ಅದೇ ಬೀಜ ಚೆನ್ನಾಗಿ ಕಾಯಿ ಕಟ್ಟುತ್ತದೆ. ಹಾಗಾಗಿ ತಪ್ಪೆಲ್ಲ ನನ್ನ ಮಣ್ಣಿನದು ಅಂತ ತೀರ್ಮಾನವಾಯಿತು. ಗೊಬ್ಬರ ಜಾಸ್ತಿ ಅಂದರು, ಕಮ್ಮಿ ಅಂದರು. ಕೆಂಪು ಜೇಡಿ ಮಣ್ಣು ತೆಗೆದು ಮೂಟೆಗಟ್ಟಲೆ ಕಾಂಪೋಸ್ಟ್ ತುಂಬಿದೆ. ಹೂ ಬರಿಸುವ ರಂಜಕದ (ಫಾಸ್ಫರಸ್) ಪುಡಿಗೇ ನಲವತ್ತೈವತ್ತು ಡಾಲರ್ ಸುರಿದೆ. ಕೊನೆಗೆ ರಾಜ್ಯದ ಕೃಷಿ ಇಲಾಖೆಗೆ ಮಣ್ಣು ಕಳಿಸಿದೆ. ಏಪ್ರಿಲ್‌ನಿಂದ ನವೆಂಬರ್‌ವರೆಗೆ ಪರೀಕ್ಷೆ ಪುಕ್ಕಟೆ, ಬಳಸಿಕೊಳ್ಳಿ. ರಂಜಕ ಈಗಾಗಲೇ ಮಿತಿಮೀರಿ ಇದೆ ಅಂತ ವರದಿ ಬಂತು!

ವಿಷಯ ಮಣ್ಣಿನದಲ್ಲ, ಹಗಲಿನದು. ನಮ್ಮ ಹಳೇ ಸೊಗಡವರೆ ಬಳ್ಳಿಗೆ ಹಗಲು ಹನ್ನೆರಡು ಗಂಟೆಗಿಂತ ಚಿಕ್ಕದಾದರೇನೇ ಹೂವಿನ ಯೋಚನೆ. ಬೆಂಗಳೂರಿನಲ್ಲಿ ಅತಿ ಉದ್ದದ ಹಗಲೂ ಹದಿಮೂರು ಗಂಟೆ ಮುಟ್ಟಲ್ಲ. ಇಲ್ಲಿ ಜೂನ್‌ನಲ್ಲಿ ಹದಿನಾಲ್ಕೂವರೆ. ಹನ್ನೆರಡಕ್ಕೆ ಇಳಿಯುವಾಗ ಸೆಪ್ಟೆಂಬರ್ ಕೊನೆ. ಹೂಸ್ಟನ್ನಿನಲ್ಲೂ ಹಗಲು ಆಗಲೇ ಇಳಿಯೋದು, ಆದರೆ ಅಲ್ಲಿ ಚಳಿ ತಡ, ಅಷ್ಟೇ ವ್ಯತ್ಯಾಸ. ಹೆಬ್ಬಾಳ ಅವರೆ-3, ಅವರೆ-4 ಅನ್ನುವ ಸುಧಾರಿತ ತಳಿ ಸಿಕ್ಕರೆ ಈ ಕಸರತ್ತು ಬೇಡ, ಅವು ಹಗಲಿನ ಲೆಕ್ಕ ಇಡಲ್ಲ. ಆದರೆ ನನಗೆ ಹಳೇ ತಳಿಯೇ ಬೇಕಿತ್ತು. ಹಟ ಅನ್ನಿ.

ಹಾಗಾದರೆ ನಾವೇ ಸಂಜೆ ಮಾಡೋಣ ಅಂತ ಹೊರಟೆ. ಐದು ಗ್ಯಾಲನ್ ಬಕೆಟ್ಟಿನಲ್ಲಿ ಗಿಡ, ಸುತ್ತ ಅರ್ಧ ಇಂಚಿನ ಪಿವಿಸಿ ಚೌಕಟ್ಟು, ಮೇಲೆ ಕಪ್ಪು ಟಾರ್ಪಾಲು. ಸಂಜೆ ಆರಕ್ಕೆ ಮುಚ್ಚೋದು, ಬೆಳಗ್ಗೆ ಏಳೂವರೆಗೆ ತೆಗೆಯೋದು. ಆಗಸ್ಟ್‌ನಲ್ಲಿ ಇಲ್ಲಿ ಸೂರ್ಯ ಮುಳುಗೋದು ಎಂಟಕ್ಕೆ. ಎರಡು ತಾಸು ಬಿಸಿಲಿಗೆ ಒಳಗೆ ಹಬೆ. ಬೆಳಗ್ಗೆ ತೆಗೆದರೆ ಟಾರ್ಪಾಲಿನಿಂದ ನೀರು ತೊಟ್ಟಿಕ್ಕುತ್ತಿತ್ತು, ಎಲೆಯ ಮೇಲೆ ಕಂದು ಮಚ್ಚೆ, ಕುಡಿ ಕೊಳೆತು ಕೈಗೇ ಬರುತ್ತಿತ್ತು. ಕಳೆ ತಡೆಯುವ ಕಪ್ಪು ಬಟ್ಟೆ ಹಾಕಿದೆ. ಗಾಳಿ ಆಡಿತು, ಬೆಳಕೂ ಆಡಿತು. ಅದೂ ದಂಡ.

ಕೊನೆಗೆ ಕೆಲಸ ಮಾಡಿದ್ದು ಮಲಗುವ ಕೋಣೆಗೆ ಹಾಕುವ, ಬೆಳಕೇ ಬಿಡದ ಬ್ಲ್ಯಾಕ್‌ಔಟ್ ಪರದೆ. ಸೆಕೆಂಡ್ ಹ್ಯಾಂಡ್ ಅಂಗಡಿಯಲ್ಲಿ ಜೋಡಿಗೆ ಎಂಟೋ ಹತ್ತೋ ಡಾಲರ್. ಒಳಗೆ ಅದು, ಹೊರಗೆ ಬಿಳಿ ಬಟ್ಟೆ, ಬಿಸಿಲು ವಾಪಸ್ ಹೋಗಲಿ ಅಂತ. ಎರಡರ ನಡುವೆ ಒಂದು ಗೇಣು ಸಂದು. ನೆತ್ತಿಯಲ್ಲಿ ಗಾಳಿ ಹೋಗಿ ಬೆಳಕು ಬಾರದ ಹಾಗೆ ಏನು ಮಾಡಿದ್ದೇನೆ ಅನ್ನೋದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ. ಮನೆಗೆ ಬಂದರೆ ತೋರಿಸುತ್ತೇನೆ.

ಆದರೂ ಒಂದು ವರ್ಷ ಬೇಲಿ ಪಕ್ಕದ ಬಕೆಟ್ಟುಗಳು ಮಾತ್ರ ಹೂ ಬಿಡಲಿಲ್ಲ. ತಲೆ ಕೆಡಿಸಿಕೊಂಡು ಒಂದು ರಾತ್ರಿ ಪರದೆಯೊಳಗೆ ನಾನೇ ಕೂತೆ. ಪಕ್ಕದ ಮನೆಯ ಫ್ಲಡ್‌ಲೈಟು ಜಿಂಕೆ ಓಡಾಡಿದಾಗಲೆಲ್ಲ ಫಳ್ ಅಂತ ಹತ್ತುತ್ತಿತ್ತು, ಹೊಲಿಗೆಯ ತೂತಿನಿಂದ ಬೆಳಕಿನ ಸೂಜಿಗಳು ಎಲೆಗೆ ನಾಟುತ್ತಿದ್ದವು. ನಡುರಾತ್ರಿ ಸ್ವಲ್ಪ ಬೆಳಕು ಬಿದ್ದರೂ ಗಿಡಕ್ಕೆ ಉದ್ದ ರಾತ್ರಿಯ ಲೆಕ್ಕ ತಪ್ಪುತ್ತದೆ. ಗಾಫರ್ ಟೇಪು ಅನ್ನುವ ಕಪ್ಪು ಬಟ್ಟೆಯ ಅಂಟುಪಟ್ಟಿ ಹಚ್ಚಿದೆ, ಸರಿಹೋಯಿತು. ಅಷ್ಟರಲ್ಲಿ ಬಡಾವಣೆಯ ಸಂಘದಿಂದ ‘ಹಿತ್ತಲಲ್ಲಿ ಏನು ಡೇರೆ?’ ಅಂತ ಪತ್ರ. ಒಬ್ಬರು ನೇರವಾಗಿ ಗಾಂಜಾನಾ ಅಂತಲೇ ಕೇಳಿದರು. ಅವರದು ತಪ್ಪಲ್ಲ, ಅದಕ್ಕೂ ಇದೇ ವಿದ್ಯೆ ಅಲ್ವಾ.

ಕಾಲ ಹಿಡಿಯೋದರಲ್ಲಿ ಎಲ್ಲ ಇದೆ. ಜುಲೈಯಲ್ಲಿ ಮುಚ್ಚಿದರೆ ಆಗಸ್ಟ್‌ನಲ್ಲಿ ಹೂ ಬಂದು ಸೆಕೆಗೆ ಪಟಪಟ ಉದುರುತ್ತದೆ. ನಾನೀಗ ಜೂನ್ ಕೊನೆಗೆ ಬಿತ್ತುತ್ತೇನೆ, ಸೊಂಟದೆತ್ತರಕ್ಕೆ ಕುಡಿ ಚಿವುಟುತ್ತೇನೆ, ಇಲ್ಲದಿದ್ದರೆ ಯಾವ ಪರದೆಯೂ ಸಾಲಲ್ಲ. ಆಗಸ್ಟ್ ಹತ್ತರ ಆಚೀಚೆ ಮುಚ್ಚಲು ಶುರು. ಹೆಚ್ಚುಕಮ್ಮಿ ನಾಲ್ಕು ವಾರಕ್ಕೆ ಹೂಗೊಂಚಲು. ಸೆಪ್ಟೆಂಬರ್ ಇಪ್ಪತ್ತರ ಹೊತ್ತಿಗೆ ಪರದೆ ಮಡಚಿಡುತ್ತೇನೆ. ಚಂಡಮಾರುತದ ಬಾಲ ಈ ಕಡೆ ಬೀಸಿದರೆ ಬಕೆಟ್ಟುಗಳೆಲ್ಲ ಗ್ಯಾರೇಜಿಗೆ. ಎರಡು ದಿನ ಕತ್ತಲಲ್ಲಿದ್ದರೆ ಏನೂ ಆಗಲ್ಲ, ಕತ್ತಲು ಅಭ್ಯಾಸ ಅವಕ್ಕೆ.

ಪರದೆ ಇದೆಯಲ್ಲ ಅಂತ ಸುಮ್ನೆ ಸೇವಂತಿಗೆ ಕುಂಡವನ್ನೂ ಒಳಗಿಟ್ಟೆ, ಅದನ್ನು ಮಾತ್ರ ಜೂನ್ ಕೊನೆಯಿಂದಲೇ. ಗೌರಿ ಹಬ್ಬಕ್ಕೆ ಮನೆಯದೇ ಹೂವು! ಸೆಕೆಗೆ ಬಣ್ಣ ಸ್ವಲ್ಪ ಪೇಲವ, ದೇವರು ಬೇಜಾರು ಮಾಡಿಕೊಳ್ಳಲಿಲ್ಲ. ಮಲ್ಲಿಗೆಯನ್ನೂ ಇಟ್ಟು ನೋಡಿದೆ, ಮುನಿಸಿಕೊಂಡು ಎಲೆ ಹಳದಿ ಮಾಡಿತು. ಅದಕ್ಕೆ ಬಿಸಿಲೇ ಸರಿ.

ಹುಳದ ವಿಷಯ ಹೇಳಲೇಬೇಕು. ಕಾಳಿನಷ್ಟಿರುವ ಹಸಿರು ಮಿಶ್ರಿತ ಕಂದು ಕುಡ್ಜು ಹುಳ (ಕುಡ್ಜು ಅಂದರೆ ಇಲ್ಲಿಯ ಒಂದು ಕಳೆಬಳ್ಳಿ), ಮುಟ್ಟಿದರೆ ಗಬ್ಬು ವಾಸನೆ. ಅಮೆರಿಕದಲ್ಲಿ 2009ರಲ್ಲಿ ಜಾರ್ಜಿಯಾ ರಾಜ್ಯದಲ್ಲಿ ಮೊದಲು ಕಾಣಿಸಿ ಉತ್ತರಕ್ಕೂ ಹರಡಿತು. ಕರ್ನಾಟಕದಲ್ಲಿ ಅವರೆ ಬಳ್ಳಿಗೆ ಮುತ್ತುವುದೂ ಇದೇ ಜಾತಿ. ನನಗಿಂತ ಮೊದಲೇ ಬಂದು ಕಾಯುತ್ತಿದೆಯೇನೋ ಅನ್ನಿಸಿತು. ಔಷಧಿ ಹೊಡೆಯಲ್ಲ. ಬೆಳಗ್ಗೆ ತಂಪಿನಲ್ಲಿ ಸೋಪಿನ ನೀರಿನ ಬಕೆಟ್ಟಿಗೆ ಕೊಡವುತ್ತೇನೆ. ಜಿಂಕೆಗೆ ಮಾತ್ರ ಎಂಟಡಿ ಬಲೆ ಬಿಟ್ಟರೆ ಬೇರೆ ದಾರಿ ಇಲ್ಲ.

ಲೆಕ್ಕ ಕೇಳುವವರಿಗೆ: ಕೆಟ್ಟ ಪ್ರಯೋಗಗಳನ್ನೂ ಸೇರಿಸಿದರೆ ಮುನ್ನೂರು ಡಾಲರ್ ಹತ್ತಿರ ಹೋಗಿದೆ. ಈಗಿನ ವ್ಯವಸ್ಥೆ ಮಾತ್ರ ಆದರೆ ನೂರರೊಳಗೆ. ಹತ್ತು ಹನ್ನೆರಡು ಬಕೆಟ್ಟಿಗೆ ಕಳೆದ ಸಲ ಏಳೆಂಟು ಕಿಲೋ ಕಾಯಿ ಸಿಕ್ಕಿತು. ರಾತ್ರಿ ಚಳಿ ಬಿದ್ದ ಮೇಲೆ ಕಿತ್ತ ಕಾಯಿಯದೇ ಸೊಗಡು ಜಾಸ್ತಿ ಅಂತ ನನಗನ್ನಿಸಿದೆ, ಅವಸರ ಮಾಡಿ ಕೀಳಬೇಡಿ. ಬೀಜಕ್ಕೆ ಮೊದಲ ಗೊಂಚಲನ್ನೇ ಬಿಡಬೇಕು. ಹಿಂದಿನವು ಬಲಿಯುವಷ್ಟರಲ್ಲಿ ಫ್ರಾಸ್ಟ್ ಬರುತ್ತದೆ. ಈ ಸಲ ಒಂದು ಹಿಡಿ ಬೀಜ ಹೆಚ್ಚಿಗೆ ಉಳಿದಿದೆ. ಸೆಕೆಯಲ್ಲಿ ದಿನಾ ಪರದೆ ಮುಚ್ಚಿ ತೆಗೆಯುತ್ತೇನೆ ಅನ್ನುವವರಿಗೆ ಮಾತ್ರ ಕೊಡುತ್ತೇನೆ.