ದಸರಾ ಶೋಕೇಸ್ ನೋಡುವುದು ಹೇಗೆ

ಹದಿನಾಲ್ಕು ವರ್ಷದಿಂದ ಮೈಸೂರಿನ ಅಂಗಡಿಗಳ ಶೋಕೇಸ್‌ನಲ್ಲಿ ಆಳೆತ್ತರದ ಗೊಂಬೆಗಳಿಗೆ ಸೀರೆ ಉಡಿಸುತ್ತಿದ್ದೇನೆ. ದಸರಾ ಬಂತೆಂದರೆ ಮನೆಯವರೆಲ್ಲ ದೀಪ ನೋಡಲು ಹೋಗುತ್ತಾರೆ, ನಾನು ಬೇರೆಯವರ ಗಾಜು ನೋಡಲು ಹೋಗುತ್ತೇನೆ. ಕೆಲಸ ಕಲಿಯಲು ಬರುವ ಹುಡುಗಿಯರ ಕೈಗೂ ಮೊದಲ ದಿನ ಪಿನ್ ಕೊಡುವುದಿಲ್ಲ. ದೇವರಾಜ ಅರಸು ರಸ್ತೆಗೆ ಕರೆದುಕೊಂಡು ಹೋಗುತ್ತೇನೆ. ಅಲ್ಲಿ ಅವರಿಗೆ ಹೇಳುವುದನ್ನೇ ಇಲ್ಲಿ ಬರೆದಿದ್ದೇನೆ.

ಮೊದಲ ಸಲ ನಿಲ್ಲಬೇಡಿ. ಸುಮ್ನೆ ನಡೆದು ಹೋಗಿ. ಎಂಟು ಅಡಿ ಗಾಜು ದಾಟಲು ನಾಲ್ಕು ಹೆಜ್ಜೆ ಸಾಕು. ಅಷ್ಟೇ ಹೊತ್ತು ಆ ಅಂಗಡಿಗೆ ಸಿಗುವುದು. ಸ್ವಲ್ಪ ಮುಂದೆ ಹೋಗಿ, ಏನು ನೆನಪಿದೆ ಅಂತ ಬರೆದುಕೊಳ್ಳಿ. ‘ಹಸಿರು ಸೀರೆ, ಅಗಲ ಬಾರ್ಡರ್’ ಅಂತ ಬಂದರೆ ಆ ಶೋಕೇಸ್ ಗೆದ್ದಿತು. ‘ತುಂಬಾ ಸೀರೆ ಇತ್ತು’ ಅಂತ ಬಂದರೆ ಸೋತಿತು. ವಾಪಸ್ ಬಂದು ನಿಂತು ನೋಡಿದ ಮೇಲೆ ಈ ಮೊದಲ ನೋಟ ಮತ್ತೆ ಸಿಗುವುದಿಲ್ಲ.

ಈಗ ಎದುರು ಫುಟ್‌ಪಾತ್‌ಗೆ ಹೋಗಿ ಕಣ್ಣು ಅರ್ಧ ಮುಚ್ಚಿ ನೋಡಿ. ಮೊಬೈಲ್‌ನಲ್ಲಿ ಕಪ್ಪು-ಬಿಳುಪು ಫೋಟೊ ತೆಗೆದರೂ ಆಯಿತು. ಹೋದ ವರ್ಷ ಒಂದು ಅಂಗಡಿಯಲ್ಲಿ ರಾಣಿ ಬಣ್ಣದ ಸೀರೆ, ಪಕ್ಕದಲ್ಲಿ ಹಸಿರು, ಹಿಂದೆ ಕೆಂಪು ಪರದೆ. ಬರಿಗಣ್ಣಿಗೆ ಮೂರೂ ಜಗಳಕ್ಕೆ ನಿಂತ ಹಾಗಿದ್ದವು. ಫೋಟೊದಲ್ಲಿ ನೋಡಿದರೆ ಮೂರೂ ಒಂದೇ ಬೂದಿ ಬಣ್ಣ. ಎದ್ದು ಕಂಡದ್ದು ಮೂಲೆಯಲ್ಲಿ ಅಂಟಿಸಿದ್ದ ಬಿಳಿ ಡಿಸ್ಕೌಂಟ್ ಬೋರ್ಡ್ ಒಂದೇ!

ಎತ್ತರದ ವಿಷಯದಲ್ಲಿ ಜಾಸ್ತಿ ಜನ ಎಡವುತ್ತಾರೆ. ಗೊಂಬೆ ಹಬ್ಬ ಅಲ್ವಾ, ಅದಕ್ಕೆ ಅಂಗಡಿಯವರೂ ಮೆಟ್ಟಿಲು ಕಟ್ಟಿಸುತ್ತಾರೆ. ಏಳೋ ಒಂಬತ್ತೋ, ಬೆಸ ಸಂಖ್ಯೆ, ಮೇಲೆ ಪಟ್ಟದ ಗೊಂಬೆ, ಎಲ್ಲ ಶಾಸ್ತ್ರಬದ್ಧ. ಆದರೆ ಮನೆಯಲ್ಲಿ ನಾವು ಗೊಂಬೆ ನೋಡುವುದು ಚಾಪೆ ಮೇಲೆ ಕೂತು. ರಸ್ತೆಯಲ್ಲಿ ನಿಂತವರಿಗೆ ಕಣ್ಣು ಇರುವುದು ಹೆಚ್ಚುಕಡಿಮೆ ಐದಡಿಯಲ್ಲಿ. ಆರೂವರೆ ಅಡಿ ಮೇಲೆ ಕೂತ ರಾಜ-ರಾಣಿಯನ್ನು ಕತ್ತೆತ್ತಿ ನೋಡುವ ಪುರುಸೊತ್ತು ಯಾರಿಗಿದೆ? ಎದೆಯಿಂದ ಹಣೆಯವರೆಗಿನ ಆ ಎರಡಡಿ ಪಟ್ಟಿಯಲ್ಲಿ ಏನಿದೆ ಅಂತ ನೋಡಿ. ಸೀರೆ ಉಟ್ಟ ಗೊಂಬೆಯನ್ನು ಒಂದಡಿ ಪೀಠದ ಮೇಲೆ ನಿಲ್ಲಿಸಿದರೆ ಎದೆ ಮೇಲಿನ ಸೆರಗಿನ ನೆರಿಗೆ ಸರಿಯಾಗಿ ಅಲ್ಲಿಗೆ ಬರುತ್ತದೆ. ಕೆಳಗಿನ ಮೆಟ್ಟಿಲು ಮಕ್ಕಳದ್ದು. ಅಲ್ಲಿ ಚನ್ನಪಟ್ಟಣದ ಬೊಂಬೆ ಇಟ್ಟವರು ಬುದ್ಧಿವಂತರು. ಮಗು ನಿಂತರೆ ಕೈ ಹಿಡಿದ ಅಮ್ಮನೂ ನಿಲ್ಲಲೇಬೇಕು.

ಆನೆ ಇದೆಯಾ? ಇದ್ದೇ ಇರುತ್ತದೆ. ಥರ್ಮೋಕೋಲ್ ಅಂಬಾರಿ ಇಲ್ಲದ ಶೋಕೇಸ್ ಮೈಸೂರಲ್ಲಿ ಹುಡುಕಬೇಕು. ಅದರ ಸೊಂಡಿಲು ಯಾವ ಕಡೆಗಿದೆ ನೋಡಿ. ಬಾಗಿಲ ಕಡೆಗಿದ್ದರೆ ನಮ್ಮ ಕಣ್ಣೂ ಬಾಗಿಲಿಗೆ ಹೋಗುತ್ತದೆ. ಆಚೆ ಕಡೆಗಿದ್ದರೆ ಗಿರಾಕಿಯನ್ನು ಪಕ್ಕದ ಅಂಗಡಿಗೆ ಮೆರವಣಿಗೆ ಕಳಿಸಿದ ಹಾಗೆ.

ಬೆಳಕಿಗಾಗಿ ಅದೇ ಗಾಜಿಗೆ ಎರಡು ಸಲ ಹೋಗಿ. ಮಧ್ಯಾಹ್ನ ಹೊರಗೆ ಬಿಸಿಲು, ಒಳಗೆ ಕತ್ತಲು. ಗಾಜು ಕನ್ನಡಿಯಾಗಿ ನಿಮ್ಮ ಮುಖ, ಹಿಂದಿನ ಆಟೊ ಎಲ್ಲ ಕಾಣುತ್ತವೆ. ಹಿಂದಿನ ಪರದೆ ಕಡುಬಣ್ಣದ್ದಾದರೆ ಇನ್ನೂ ಜಾಸ್ತಿ. ರಾತ್ರಿ ಬೇರೆಯೇ ಕಥೆ. ದಸರಾದಲ್ಲಿ ಇಡೀ ರಸ್ತೆಗೆ ಬಣ್ಣದ ದೀಪ ಹಾಕಿರುತ್ತಾರೆ, ಆ ಬಣ್ಣ ಗಾಜಿನ ಮೇಲೂ ಬೀಳುತ್ತದೆ. ಅದರ ಜೊತೆ ಇವರೂ ಮಿಣುಕು ಸೀರಿಯಲ್ ಸೆಟ್ ಹಾಕಿದರೆ ಸೀರೆ ಕಳೆದುಹೋಯಿತು ಅಂತಲೇ ಲೆಕ್ಕ. ಜರಿಯನ್ನು ಹತ್ತಿರದಿಂದ ನೋಡಿ. ಬೆಳಕಿನ ಬಣ್ಣವನ್ನು ಕೆಲ್ವಿನ್‌ನಲ್ಲಿ ಅಳೆಯುತ್ತಾರೆ. 3000 ಕೆಲ್ವಿನ್‌ನ ಹಳದಿ ಬೆಳಕಲ್ಲಿ ಜರಿ ಚಿನ್ನ. 6500ರ ಬಿಳಿ ಬೆಳಕಲ್ಲಿ ಸ್ಟೀಲ್ ಲೋಟದ ಅಂಚು. ಸ್ಪಾಟ್‌ಲೈಟ್ ಗೊಂಬೆಯ ಮುಖಕ್ಕೆ ಬಿದ್ದು ನೆರಿಗೆ ಕತ್ತಲಲ್ಲಿದ್ದರೆ ಅದನ್ನೂ ಬರೆದುಕೊಳ್ಳಿ. ಮಾರುವುದು ಮುಖವನ್ನಲ್ಲವಲ್ಲ.

ಗಾಜು ಯಾವ ದಿಕ್ಕಿಗಿದೆ ಅಂತ ಕೇಳುವುದನ್ನು ನಾನು ಕಲಿತದ್ದು ಪೆಟ್ಟು ತಿಂದು. ಒಂದು ಅಂಗಡಿಯ ಗಾಜು ಪಶ್ಚಿಮಕ್ಕಿತ್ತು. ಪಿಸ್ತಾ ಬಣ್ಣದ ಮೈಸೂರು ರೇಷ್ಮೆ ಉಡಿಸಿದ್ದೆ. ಆ ಬಟ್ಟೆ ಮೆತ್ತಗೆ ಜಾರುತ್ತದೆ, ಪಿನ್ ಕಾಣದ ಹಾಗೆ ಸೆರಗು ನಿಲ್ಲಿಸಲು ಒಂದು ಗಂಟೆ ಬೇಕಾಯಿತು. ವಿಜಯದಶಮಿ ಮುಗಿದು ಬಿಚ್ಚಿದರೆ ಮಡಿಕೆಯ ಹೊರಭಾಗ ಮಾತ್ರ ಬಿಸಿಲಿಗೆ ಪೇಲವವಾಗಿ, ಉದ್ದಕ್ಕೂ ಪಟ್ಟೆ ಪಟ್ಟೆ. ಮಾಲೀಕರು ನನ್ನ ಕೂಲಿಯಲ್ಲೇ ಮುರಿದುಕೊಂಡರು. ಮೂರು ಗಂಟೆಯ ಮೇಲೆ ಪರದೆ ಇಳಿಸಿ ಅಂತ ನಾನು ಮೊದಲೇ ಹೇಳಬೇಕಿತ್ತು.

ಕೊನೆಗೆ ಗಾಜಿಗೆ ಬೆನ್ನು ತಿರುಗಿಸಿ ಜನರನ್ನು ನೋಡಿ, ಹದಿನೈದು ನಿಮಿಷ. ಎಷ್ಟು ಜನ ನಡಿಗೆ ನಿಧಾನ ಮಾಡಿದರು? ಯಾರು ಬೆರಳು ತೋರಿಸಿದರು, ಯಾವುದಕ್ಕೆ? ಅಷ್ಟರಲ್ಲಿ ಬಾಗಿಲಲ್ಲಿ ನಿಂತವರು “ಯಾಕಮ್ಮ ಅಲ್ಲೇ ನಿಂತಿದ್ದೀರಾ, ಒಳಗೆ ಬನ್ನಿ” ಅಂತ ಕರೆದೇ ಕರೆಯುತ್ತಾರೆ. ಹೋಗಿ. ಗಾಜಿನಲ್ಲಿರುವ ಅದೇ ಸೀರೆ ತೋರಿಸಿ ಅಂತ ಕೇಳಿ. “ಅದು ಡಿಸ್ಪ್ಲೇಗೆ ಮಾತ್ರ ಮೇಡಂ, ಬೇರೆ ಪೀಸ್ ಇಲ್ಲ” ಅಂದರೆ ನೋಟ್‌ಬುಕ್‌ನಲ್ಲಿ ಅದನ್ನೂ ಸೇರಿಸಿ, ಕೆಳಗೆ ಒಂದು ಗೆರೆ ಎಳೆದು.