ಗ್ರೇಡಲ್ ಪಾಸ್‌ವರ್ಡಿಗೆ ಅಡ್ಡ ಬಂದ ಚುಕ್ಕೆ

ಲೈಬ್ರರಿ ಪಬ್ಲಿಶ್ ಮಾಡುವ ಗ್ರೇಡಲ್ (ಕೋಡನ್ನು ಕಟ್ಟಿಕೊಡುವ ಟೂಲ್) ಬಿಲ್ಡ್ ಲ್ಯಾಪ್‌ಟಾಪಿನಲ್ಲಿ ಸಲೀಸಾಗಿ ಓಡುತ್ತಿತ್ತು. ಬಿಲ್ಡನ್ನು ತಾನಾಗಿಯೇ ಓಡಿಸುವ ಸಿಐ ಸರ್ವರಿನಲ್ಲಿ ಮಾತ್ರ 401, ಅಂದರೆ ಲಾಗಿನ್ ಒಪ್ಪಲಿಲ್ಲ ಎಂಬ ಎರರ್. ಲೈಬ್ರರಿ ಏರಿಸುವ ರೆಪೊದ ಪಾಸ್‌ವರ್ಡ್ ಇದ್ದದ್ದು ನನ್ನ ಹೋಮ್ ಫೋಲ್ಡರಿನಲ್ಲಿ ‘.ಗ್ರೇಡಲ್’ ಒಳಗಿನ ‘ಗ್ರೇಡಲ್.ಪ್ರಾಪರ್ಟೀಸ್’ ಫೈಲಿನಲ್ಲಿ, ಸರ್ವರಿನಲ್ಲಿ ಆ ಫೈಲೇ ಇಲ್ಲವಲ್ಲ!

ಶೆಲ್ಲಿನಿಂದ ಪ್ರೋಗ್ರಾಮಿಗೆ ದಾಟಿಸುವ ಎನ್ವಿರಾನ್‌ಮೆಂಟ್ ವೇರಿಯಬಲ್ ಹೆಸರಿನ ಮುಂದೆ ‘ಓಆರ್‌ಜಿ_ಗ್ರೇಡಲ್_ಪ್ರಾಜೆಕ್ಟ್_’ ಅಂತ ಪೂರ್ತಿ ದೊಡ್ಡಕ್ಷರದಲ್ಲಿ ಸೇರಿಸಿದರೆ ಗ್ರೇಡಲ್ ಅದನ್ನು ಪ್ರಾಪರ್ಟಿಯಾಗಿ (ಬಿಲ್ಡ್ ಫೈಲು ಹೆಸರಿಟ್ಟು ಓದುವ ಮೌಲ್ಯ) ಎತ್ತಿಕೊಳ್ಳುತ್ತದೆ. ಆದರೆ ನಮ್ಮ ಪ್ರಾಪರ್ಟಿ ‘ರೆಪೊ.ಪಾಸ್‌ವರ್ಡ್’. ಬ್ಯಾಷ್ ಶೆಲ್ಲಿಗೆ ವೇರಿಯಬಲ್ ಹೆಸರಿನಲ್ಲಿ ಚುಕ್ಕೆ ಆಗಿಬರುವುದಿಲ್ಲ, ವೇರಿಯಬಲ್ ದಾಟಿಸುವ ‘ಎಕ್ಸ್‌ಪೋರ್ಟ್’ ಕಮಾಂಡ್ ಅಲ್ಲೇ ಮುಗ್ಗರಿಸುತ್ತದೆ. ಚುಕ್ಕೆ ತೆಗೆದು ‘ರೆಪೊಪಾಸ್‌ವರ್ಡ್’ ಮಾಡಿದೆ, ಬಿಲ್ಡ್ ಫೈಲಿನಲ್ಲೂ ಬದಲಿಸಿದೆ. ಅಕ್ಷರ ದೊಡ್ಡದೋ ಚಿಕ್ಕದೋ, ಎರಡೂ ಕಡೆ ಒಂದೇ ಥರ ಇರಬೇಕು. ಬಿಲ್ಡ್ ಹಸಿರಾಯಿತು.

ಪ್ರಾಪರ್ಟಿಯನ್ನು ಕಮಾಂಡಿನಲ್ಲೇ ದೊಡ್ಡಕ್ಷರದ ‘-ಪಿ’ ಜೊತೆ ಕೊಟ್ಟರೂ ನಡೆಯುತ್ತದೆ, ಎಲ್ಲಕ್ಕಿಂತ ಅದರದ್ದೇ ಮೇಲುಗೈ. ಆದರೆ ಪಾಸ್‌ವರ್ಡ್ ಶೆಲ್ ಹಿಸ್ಟರಿಯಲ್ಲಿ, ಓಡುತ್ತಿರುವ ಪ್ರೋಗ್ರಾಮುಗಳ ‘ಪಿಎಸ್’ ಪಟ್ಟಿಯಲ್ಲಿ ಬೆತ್ತಲೆ. ಸುಮ್ನೆ ಯಾಕೆ ಅಂತ ವರ್ಶನ್ ನಂಬರಿಗಷ್ಟೇ ಅದನ್ನು ಇಟ್ಟುಕೊಂಡಿದ್ದೇನೆ.