ಫಾರ್ಮ್ಯಾಟ್ ಹೊಡೆಯದೆ ಬ್ಯಾಕ್‌ಡೋರ್ ಕಿತ್ತದ್ದು: ನನ್ನ ಅನುಭವ

ಕಂಪ್ಯೂಟರ್‌ಗೆ ಬ್ಯಾಕ್‌ಡೋರ್ (ದೂರದಲ್ಲಿ ಕುಳಿತವರು ಯಂತ್ರವನ್ನು ಆಡಿಸಲು ಬಿಡುವ ಕಳ್ಳ ಪ್ರೋಗ್ರಾಂ) ಹೊಕ್ಕಿದೆ ಎಂದರೆ ಕಲಬುರಗಿಯ ಸೂಪರ್ ಮಾರ್ಕೆಟ್ ಪೇಟೆಯಲ್ಲಿ ಯಾರನ್ನು ಕೇಳಿದರೂ ಉತ್ತರ ಒಂದೇ: ಫಾರ್ಮ್ಯಾಟ್ ಹೊಡೆಯಿರಿ, ಅಂದರೆ ಸಿ ಡ್ರೈವ್ ಅಳಿಸಿ ವಿಂಡೋಸ್ ಹೊಸದಾಗಿ ಹಾಕಿ. ಐದುನೂರು ರೂಪಾಯಿ, ಎರಡು ತಾಸು, ಕೆಲಸ ಮುಗಿಯಿತು. ನಾನೂ ಅದರಿಂದಲೇ ಹೊಟ್ಟೆ ಹೊರೆದವನು, ಹೀಗಳೆಯುವುದಿಲ್ಲ. ಆದರೆ ನೆಹರು ಗಂಜಿನ ಒಂದು ಅಡತಿ ಅಂಗಡಿಯಲ್ಲಿ ಮೇಲಿಂದ ಮೇಲೆ ಫಾರ್ಮ್ಯಾಟ್ ಹೊಡೆದರೂ ರೋಗ ಮರಳಿ ಬರುತ್ತಿತ್ತು. ಫಾರ್ಮ್ಯಾಟ್ ಇಲ್ಲದೆ ತೆಗೆದುಕೊಡುತ್ತೇನೆ ಎಂದು ನಾನು ಒಪ್ಪಿಕೊಂಡಾಗ ಕಸುಬಿನ ಗೆಳೆಯರು ನಕ್ಕರು. ಈಗ ಯಾರೂ ನಗುತ್ತಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಸಾಹುಕಾರರಿಗೆ ಫಾರ್ಮ್ಯಾಟ್ ಬೇಡವಾಗಿದ್ದಕ್ಕೆ ಕಾರಣ ದುಡ್ಡು. ಅವರ ಬಿಲ್ಲಿಂಗ್ ಸಾಫ್ಟ್‌ವೇರ್ ಸೊಲ್ಲಾಪುರದ ಕಡೆಯವರು ಮಾಡಿಕೊಟ್ಟದ್ದು. ವಿಂಡೋಸ್ ಹೊಸದಾದರೆ ಕೀ ಕೂಡ ಹೊಸದು ಬೇಕು, ಪ್ರತಿ ಸಲ ನಾಲ್ಕೈದು ಸಾವಿರ. ಅದೂ ತೊಗರಿ ರಾಶಿಯ ಸುಗ್ಗಿಯಲ್ಲಿ ಒಂದು ದಿನ ಬಿಲ್ ನಿಂತರೆ ರೈತರು ಅಂಗಡಿಯ ಮುಂದೆಯೇ ಕೂರುತ್ತಾರೆ. 'ತಮ್ಮಾ, ಇನ್ನೊಮ್ಮೆ ಅಳಿಸುವುದಾದರೆ ಈ ಡಬ್ಬಿಯನ್ನೇ ಒಯ್ದುಬಿಡು' ಎಂದರು.

ಲಕ್ಷಣಗಳು ನಿಮಗೆಲ್ಲ ಗೊತ್ತಿರುವಂಥವೇ. ಪೆನ್‌ಡ್ರೈವ್ ಹಾಕಿದರೆ ಫೋಲ್ಡರ್‌ಗಳು ಶಾರ್ಟ್‌ಕಟ್ ಆಗುತ್ತಿದ್ದವು. ಮುನೀಮರು ಚಹಾ ಕುಡಿಯುತ್ತ ಕುಳಿತಿದ್ದಾಗ ಮೌಸ್ ತಾನಾಗಿ ಸರಿದಿತ್ತು. ಅದನ್ನು ಅವರು ವೋಲ್ಟೇಜ್ ದೋಷ ಎಂದುಕೊಂಡಿದ್ದರು. ಹಿಂದಿನ ಮೆಕ್ಯಾನಿಕ್ ಧೂಳು ಎಂದಿದ್ದನಂತೆ. ಧೂಳೂ ಇತ್ತು ಅನ್ನಿ. ಕ್ಯಾಬಿನೆಟ್ ಬಿಚ್ಚಿ ಬ್ಲೋವರ್ ಹಿಡಿದಾಗ ಫ್ಯಾನಿನಿಂದ ಬೊಗಸೆ ತುಂಬ ತೊಗರಿ ಹೊಟ್ಟು ಬಿತ್ತು. ಕಂಪ್ಯೂಟರ್ ಹಗುರಾಯಿತು, ಮೌಸ್ ಮಾತ್ರ ಸರಿಯುತ್ತಲೇ ಇತ್ತು.

ಮೊದಲು ಆಂಟಿವೈರಸ್. ಪೂರ್ತಿ ಸ್ಕ್ಯಾನ್ ಆಯಿತು, ಏನೂ ಸಿಗಲಿಲ್ಲ. ಸಿಗುವುದಾದರೂ ಹೇಗೆ? ವಿಂಡೋಸ್‌ನದೇ ಆಂಟಿವೈರಸ್ ಡಿಫೆಂಡರ್‌ನ ಎಕ್ಸ್‌ಕ್ಲೂಷನ್ ಪಟ್ಟಿಯನ್ನು, ಅಂದರೆ ಸ್ಕ್ಯಾನ್‌ನಿಂದ ಬಿಟ್ಟ ಜಾಗಗಳ ಪಟ್ಟಿಯನ್ನು, ಪವರ್‌ಶೆಲ್ ಎಂಬ ಕಮಾಂಡ್ ಕಿಟಕಿಯಲ್ಲಿ ತೆಗೆಸಿದರೆ ಸಿ, ಡಿ ಎರಡೂ ಡ್ರೈವ್‌ಗಳು ಅಲ್ಲಿ ಕುಳಿತಿದ್ದವು. ನೋಡಬೇಡ ಎಂದು ಮೊದಲೇ ಹೇಳಿಟ್ಟಿದ್ದರು, ಅದು ನೋಡಲಿಲ್ಲ. ಓಡುತ್ತಿರುವ ಪ್ರೋಗ್ರಾಂಗಳನ್ನು ತೋರಿಸುವ ಪ್ರೊಸೆಸ್ ಎಕ್ಸ್‌ಪ್ಲೋರರ್ ತೆರೆದಾಗ, ವಿಂಡೋಸ್‌ನದೇ ಒಂದು ಪ್ರೋಗ್ರಾಂನ ಹೆಸರಾದ ಎಸ್‌ವಿಸಿಹೋಸ್ಟ್ ಎಂಬ ಹೆಸರಿನದು ಬಳಕೆದಾರನ ಆ್ಯಪ್‌ಡೇಟಾದ ರೋಮಿಂಗ್ ಫೋಲ್ಡರ್‌ನಿಂದ ಓಡುತ್ತಿತ್ತು. ಅಸಲಿಯದು ವಿಂಡೋಸ್‌ನ ಸಿಸ್ಟಂ32 ಫೋಲ್ಡರ್‌ನಿಂದ ಓಡಬೇಕು, ಅದನ್ನು ಶುರು ಮಾಡುವ ಸರ್ವಿಸಸ್‌ನ ಕೆಳಗೆ ಇರಬೇಕು. ಇದು ಎಕ್ಸ್‌ಪ್ಲೋರರ್‌ನ ಕೆಳಗಿತ್ತು. ಕಿಲ್ ಒತ್ತಿದೆ. ನೀಲಿ ಪರದೆ, 'ಕ್ರಿಟಿಕಲ್ ಪ್ರೊಸೆಸ್ ಡೈಡ್'. ತನ್ನನ್ನು ಮುಟ್ಟಿದರೆ ವಿಂಡೋಸ್ ಬೀಳುವಂತೆ ಅದು ತನ್ನನ್ನೇ ಕ್ರಿಟಿಕಲ್ ಎಂದು ಗುರುತು ಹಾಕಿಕೊಂಡಿತ್ತು. ವಿಂಡೋಸ್‌ನ ಸೆಟ್ಟಿಂಗ್‌ಗಳ ಕಣಜವಾದ ರಿಜಿಸ್ಟ್ರಿಯಲ್ಲಿ, ಲಾಗಿನ್ ಆದಾಗ ತಾನಾಗಿ ಓಡುವವುಗಳ ಪಟ್ಟಿಯಾದ ರನ್ ಕೀಯಲ್ಲಿ 32 ಅಕ್ಷರಗಳ ಅಡ್ಡಾದಿಡ್ಡಿ ಹೆಸರೊಂದು ಸಿಕ್ಕಿತು. ಅಳಿಸಿ ಎಫ್5 ಒತ್ತುವಷ್ಟರಲ್ಲಿ ಮರಳಿ ಹುಟ್ಟಿತ್ತು. ಸ್ಟಾರ್ಟಪ್ ಫೋಲ್ಡರ್‌ನಲ್ಲೂ ಅದೇ ಹೆಸರಿನ ಮರೆಮಾಡಿದ ಇಎಕ್ಸ್‌ಇ. ಈ ಗುದ್ದಾಟದಲ್ಲೇ ಒಂದು ಭಾನುವಾರ ಮುಗಿಯಿತು, ಕೈಗೆ ಬಂದದ್ದು ಬರಿ ಚಹಾ.

ಇಲ್ಲಿಂದ ದಾರಿ ಬದಲಿಸಿದೆ. ತೆಗೆಯುವ ಮುಂಚೆ ಅದು ಯಾರ ಜೊತೆ ಮಾತಾಡುತ್ತದೆ ನೋಡಬೇಕು ಎನಿಸಿತು. ನನ್ನ ಹಳೆಯ ಲ್ಯಾಪ್‌ಟಾಪನ್ನು ನಡುವೆ ಇಟ್ಟು, ಅದರಿಂದ ನೆಟ್ ಹಂಚಿ, ತಂತಿಯಲ್ಲಿ ಹೋಗಿ ಬರುವುದನ್ನೆಲ್ಲ ತೋರಿಸುವ ವೈರ್‌ಶಾರ್ಕ್ ಹಚ್ಚಿದೆ. ಖರ್ಚು ಒಂದು ಲ್ಯಾನ್ ಕೇಬಲ್‌ನದು. ಸೋಂಕು ತಗಲಿದ ಯಂತ್ರದ ನೆಟ್‌ಸ್ಟ್ಯಾಟ್ (ನೆಟ್ ಸಂಪರ್ಕಗಳ ಪಟ್ಟಿ ಕೊಡುವ ಕಮಾಂಡ್) ತೋರಿಸಿದ್ದನ್ನು ನಾನು ಪೂರ್ತಿ ನಂಬುವುದಿಲ್ಲ, ತಂತಿಯ ಮೇಲೆ ಹೋಗುವುದನ್ನು ನಂಬುತ್ತೇನೆ. ಒಂದು ಡೈನಾಮಿಕ್ ಡಿಎನ್‌ಎಸ್ ಹೆಸರಿಗೆ (ಹಿಂದಿನ ಐಪಿ ವಿಳಾಸ ಬದಲಾದರೂ ಬದಲಾಗದ ನೆಟ್ ಹೆಸರು), 5552ನೇ ಪೋರ್ಟಿಗೆ, ಅಂದರೆ ಆ ವಿಳಾಸದ ಒಂದು ಬಾಗಿಲಿನ ಸಂಖ್ಯೆಗೆ, ಕರೆ ಹೋಗುತ್ತಿತ್ತು. ಎನ್‌ಜೆರಾಟ್ ಎಂಬ ಬ್ಯಾಕ್‌ಡೋರ್ ನೋಡಿದವರಿಗೆ ಈ ಪೋರ್ಟ್ ಪರಿಚಯದ್ದೇ.

ಕೆಲಸಕ್ಕೆ ಬೇಕಿರಲಿಲ್ಲ, ಆದರೂ ಒಂದು ಆಟ ಆಡಿದೆ. ಯಾವ ಹೆಸರು ಯಾವ ವಿಳಾಸಕ್ಕೆ ಎಂದು ಬರೆದಿಡುವ ಹೋಸ್ಟ್ಸ್ ಫೈಲಿನಲ್ಲಿ ಆ ಹೆಸರನ್ನು ನನ್ನ ಲ್ಯಾಪ್‌ಟಾಪಿಗೆ ತಿರುಗಿಸಿ, 5552ರಲ್ಲಿ ಕಿವಿಗೊಟ್ಟು ಕುಳಿತೆ. ಒಡೆಯನೇ ಸಿಕ್ಕ ಎಂದು ತಿಳಿದು ಅದು ವರದಿ ಒಪ್ಪಿಸಿತು: ಕಂಪ್ಯೂಟರ್ ಹೆಸರು, ಬಳಕೆದಾರನ ಹೆಸರು, ವಿಂಡೋಸ್ ಆವೃತ್ತಿ. ಕೊನೆಯಲ್ಲಿ ಬೇಸ್64 ಎಂಬ ಅಕ್ಷರ ಸಂಕೇತದಲ್ಲಿ ಒಂದು ತುಂಡು. ಬಿಡಿಸಿದರೆ, ಆ ಕ್ಷಣ ಪರದೆಯ ಮೇಲೆ ತೆರೆದಿದ್ದ ಕಿಟಕಿಯ ಶೀರ್ಷಿಕೆ, ಬಿಲ್ಲಿಂಗ್ ಸಾಫ್ಟ್‌ವೇರಿನ ಖಾತೆ ಪುಟ! ಮುನೀಮರನ್ನು ಕರೆದು ತೋರಿಸಿದೆ. ಅಲ್ಲಿಯವರೆಗೆ 'ವೈರಸ್ ಅಂದರೆ ಇದ್ದದ್ದೇ' ಎನ್ನುತ್ತಿದ್ದವರು ಕುರ್ಚಿಯಿಂದ ಎದ್ದು, ಮೊದಲು ನೆಟ್ ತೆಗೆಯಿರಿ ಎಂದರು.

ತೆಗೆದದ್ದು ಹೊರಗಿನಿಂದ. ಶಿಫ್ಟ್ ಒತ್ತಿ ಪೂರ್ತಿ ಶಟ್‌ಡೌನ್ ಮಾಡಿ, ವಿಂಡೋಸ್ ಪಿಇ (ಪೆನ್‌ಡ್ರೈವಿನಿಂದಲೇ ಓಡುವ ಪುಟ್ಟ ವಿಂಡೋಸ್) ಏರಿಸಿ, ತಾನಾಗಿ ಓಡುವುದನ್ನೆಲ್ಲ ಪಟ್ಟಿ ಮಾಡುವ ಆಟೋರನ್ಸ್‌ನ ಆಫ್‌ಲೈನ್ ಆಯ್ಕೆಯಲ್ಲಿ ಪ್ರತಿ ಬಳಕೆದಾರರ ಖಾತೆಯನ್ನೂ ಬೇರೆ ಬೇರೆಯಾಗಿ ನೋಡಿದೆ. ಒಳಗೆ ಕಚ್ಚಾಡುತ್ತಿದ್ದದ್ದು ಹೊರಗಿನಿಂದ ಸುಮ್ಮನೆ ಬಿದ್ದ ಕಡತ. ರನ್ ಕೀಗಳು, ಸ್ಟಾರ್ಟಪ್ ಪ್ರತಿ, ರೋಮಿಂಗ್‌ನ ಮೂಲ ಎಲ್ಲ ಹೋದವು. ಫೈರ್‌ವಾಲ್‌ನಲ್ಲಿ ಅದು ಬರೆದುಕೊಂಡಿದ್ದ ಅನುಮತಿಯನ್ನು ವಿಂಡೋಸ್ ಏರಿದ ಮೇಲೆ ತೆಗೆದೆ. ಇಂಥವು ಅಡಗುವ ಬೇರೆ ಜಾಗಗಳನ್ನೂ ನೋಡಿದೆ: ಹೊತ್ತಿಗೆ ಸರಿಯಾಗಿ ಓಡುವ ಶೆಡ್ಯೂಲ್ಡ್ ಟಾಸ್ಕ್, ವಿಂಡೋಸ್‌ನ ಒಳಗಿನ ನಿರ್ವಹಣಾ ವ್ಯವಸ್ಥೆಯಾದ ಡಬ್ಲ್ಯುಎಂಐ, ಮರೆಯಾದ ಬಳಕೆದಾರ ಖಾತೆ, ಲಾಗಿನ್ ಪರದೆಯಲ್ಲಿ ಐದು ಸಲ ಶಿಫ್ಟ್ ಒತ್ತಿದರೆ ತೆರೆಯುವ ಸ್ಟಿಕಿ ಕೀಸ್ ಕಳ್ಳಬಾಗಿಲು; ಎಲ್ಲೂ ಏನೂ ಇರಲಿಲ್ಲ. ಈ ಪರಿಶೀಲನೆಗೆ ನನ್ನದೊಂದು ಪುಟ್ಟ ಸ್ಕ್ರಿಪ್ಟ್ ಇದೆ. ಅದು ಏನೇನು ನೋಡುತ್ತದೆ ಎಂಬುದು ನನ್ನ ಬಳಿಯೇ ಇರಲಿ, ಅನ್ನದ ಪ್ರಶ್ನೆ.

ಇನ್ನು ಎಲ್ಲಿಂದ ಬಂತು ಎಂಬುದು. ಫಾರ್ಮ್ಯಾಟ್ ಸೋತದ್ದು ಇಲ್ಲಿಯೇ. ಸಿಸ್ಟಂಇನ್ಫೋದಲ್ಲಿ ವಿಂಡೋಸ್ ಹಾಕಿದ ಸಮಯ ನೋಡಿದೆ, ಆಮೇಲೆ ಆ ಕಳ್ಳ ಎಸ್‌ವಿಸಿಹೋಸ್ಟ್ ಹುಟ್ಟಿದ ಸಮಯ. ನಡುವೆ ಮುಕ್ಕಾಲು ತಾಸೂ ಇರಲಿಲ್ಲ. ಯಾವ ಪ್ರೋಗ್ರಾಂ ಯಾವಾಗ ಓಡಿತು ಎಂಬ ಗುರುತು ಉಳಿಯುವ ಪ್ರಿಫೆಚ್ ಫೋಲ್ಡರ್‌ನಲ್ಲಿ ಅದೇ ನಿಮಿಷಕ್ಕೆ ಓಡಿದ್ದು ಒಂದು ಆ್ಯಕ್ಟಿವೇಟರ್ (ಲೈಸೆನ್ಸ್ ಇಲ್ಲದೆ ವಿಂಡೋಸ್ ಚಾಲೂ ಮಾಡುವ ಕಳ್ಳ ಸಾಧನ), ಅದರ ಮೂಲ ಡಿ ಡ್ರೈವಿನ 'ಸಾಫ್ಟ್‌ವೇರ್' ಫೋಲ್ಡರ್. ಫಾರ್ಮ್ಯಾಟ್ ಹೊಡೆದವನೇ ತನ್ನ ಪೆನ್‌ಡ್ರೈವಿನಿಂದ ಅದನ್ನು ಅಲ್ಲಿಗೆ ಸುರಿದು, ಪ್ರತಿ ಸಲ ಅದನ್ನೇ ಓಡಿಸುತ್ತಿದ್ದ. ಹೊಲಕ್ಕೆ ಬೇಲಿ ಹಾಕುವ ಆಳೇ ಹಂದಿಯನ್ನು ಹೊತ್ತುಕೊಂಡು ಬರುತ್ತಿದ್ದ ಹಾಗಾಯಿತು. ಎಕ್ಸ್‌ಕ್ಲೂಷನ್ ಪಟ್ಟಿ ಬರಿದು ಮಾಡಿ ಡಿ ಡ್ರೈವ್ ಸ್ಕ್ಯಾನ್ ಮಾಡಿಸಿದರೆ ಡಿಫೆಂಡರ್ ತಕ್ಷಣ 'ಬ್ಲಾಡಬಿಂಡಿ' ಎಂದು ಕೂಗಿತು. ಎನ್‌ಜೆರಾಟ್‌ಗೆ ಮೈಕ್ರೋಸಾಫ್ಟ್ ಇಟ್ಟ ಹೆಸರು ಅದು.

ಅಂಗಡಿಯ ಪೆನ್‌ಡ್ರೈವ್‌ಗಳನ್ನು ಲಿನಕ್ಸ್‌ನಲ್ಲಿ ತೆರೆದು ತೊಳೆದೆ. ನನ್ನ ಉಪಕರಣಗಳನ್ನು ಈಗ ಲಾಕ್ ಗುಂಡಿ ಇರುವ ಎಸ್‌ಡಿ ಕಾರ್ಡಿನಲ್ಲಿ, ಆ ಗುಂಡಿಗೆ ಮರ್ಯಾದೆ ಕೊಡುವ ರೀಡರ್‌ನಲ್ಲಿ ಒಯ್ಯುತ್ತೇನೆ; ಎಲ್ಲ ರೀಡರ್‌ಗಳೂ ಕೊಡುವುದಿಲ್ಲ, ಕೊಳ್ಳುವಾಗ ಬರೆದು ನೋಡಿ. ಎರಡೂ ಸೇರಿ ಏಳೆಂಟುನೂರು ಆಯಿತು. ಜಿಎಸ್‌ಟಿ, ಇಮೇಲ್, ಬ್ಯಾಂಕ್ ಪಾಸ್‌ವರ್ಡ್‌ಗಳನ್ನೆಲ್ಲ ಸಾಹುಕಾರರ ಮಗನ ಮೊಬೈಲಿನಿಂದ ಬದಲಿಸಿ, ಇಮೇಲ್‌ನಿಂದ ಎಲ್ಲ ಸಾಧನಗಳನ್ನೂ ಹೊರಗಟ್ಟಿಸಿದೆ. ಆ ಕಂಪ್ಯೂಟರ್‌ನಲ್ಲಿ ಬ್ಯಾಂಕಿನ ಕೆಲಸ ಈಗಲೂ ಬೇಡ ಎಂದಿದ್ದೇನೆ. ಯಾರೋ ಒಮ್ಮೆ ಒಳಗೆ ಕುಳಿತು ಎದ್ದು ಹೋದ ಯಂತ್ರಕ್ಕೆ ನಾನು ನೂರಕ್ಕೆ ನೂರು ಗ್ಯಾರಂಟಿ ಕೊಡುವುದಿಲ್ಲ. ರಾಶಿ ಮುಗಿದ ಮೇಲೆ ಸಾವಕಾಶವಾಗಿ, ಅಸಲಿ ಲೈಸೆನ್ಸಿನೊಂದಿಗೆ ಹೊಸದಾಗಿ ಹಾಕೋಣ ಎಂದು ಮಾತಾಗಿದೆ. ಅಲ್ಲಿಯವರೆಗೆ ನನ್ನ ಲ್ಯಾಪ್‌ಟಾಪ್ ವಾರಕ್ಕೊಮ್ಮೆ ನಡುವೆ ಕೂರುತ್ತದೆ. ತಿಂಗಳ ಮೇಲಾಯಿತು, 5552 ಕಡೆ ಒಂದು ಪ್ಯಾಕೆಟ್ ಹೋಗಿಲ್ಲ.

ಮೂರು ಸಾವಿರ ಕೇಳಿದ್ದೆ, ಎರಡೂವರೆಗೆ ಇಳಿಸಿದರು. ಮೇಲೆ ಐದು ಕಿಲೋ ತೊಗರಿ ಬೇಳೆ ಕೊಟ್ಟರು. ಕಲಬುರಗಿಯ ಬೇಳೆ, ಲೆಕ್ಕ ಸರಿಹೋಯಿತು. ಆ ಫಾರ್ಮ್ಯಾಟ್ ಗೆಳೆಯನಿಗೆ ಪೆನ್‌ಡ್ರೈವ್ ತಂದರೆ ಮುನ್ನೂರಕ್ಕೆ ತೊಳೆದುಕೊಡುತ್ತೇನೆ ಎಂದಿದ್ದೇನೆ. ಇನ್ನೂ ತಂದಿಲ್ಲ.